ಮಕ್ಕಳಿಗೊಂದು ಹಿತ್ತಿಲ ಹಬ್ಬ

ನಮ್ಮ ಕೊಪ್ಪ ತಾಲ್ಲೂಕಿನ ಮೇಗುಂದದಲ್ಲಿ ಮಕ್ಕಳನ್ನು ಒಟ್ಟು ಸೇರಿಸಿ ಒಂದು ದಿನ ಮಣ್ಣಿನಲ್ಲಿ ಬಿಡಬೇಕು, ಬೀಜ ಹಾಕಿಸಬೇಕು, ಅಲ್ಲೇ ಬಯಲಲ್ಲಿ ಕೂರಿಸಿ ಉಣ್ಣಿಸಬೇಕು ಎಂದುಕೊಂಡವರು ಮೊದಲು ನೋಡಬೇಕಾದದ್ದು ಪಂಚಾಂಗ. ಯಾವ ಆಟ, ಎಷ್ಟು ಬಗೆ ತಿಂಡಿ, ಯಾರನ್ನು ಕರೆಯುವುದು ಎಂಬುದೆಲ್ಲ ಆಮೇಲಿನ ಮಾತು. ಇಲ್ಲಿ ವರ್ಷದ ಬಹುಪಾಲು ದಿನಗಳು ಈ ಕೆಲಸಕ್ಕೆ ಒದಗುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನದನ್ನು ಹೇಳುವುದೇ ಬೇಡ. ಜಯಪುರ ದಾಟಿ ಬಸರೀಕಟ್ಟೆಯ ಕಡೆಗೆ ಹೋದರೆ ಮಳೆ ಎಂದರೇನೆಂದು ಕಾಣುತ್ತದೆ. ಶೃಂಗೇರಿಯ ಆಚೆ, ಘಟ್ಟದ ಅಂಚಿನ ಆಗುಂಬೆಯಲ್ಲಿ ವರ್ಷದ ಮಳೆ 7,000 ಮಿಲಿಮೀಟರನ್ನೂ ದಾಟುವುದುಂಟು. ನಮ್ಮ ಕಡೆ ಅಷ್ಟಿಲ್ಲದಿದ್ದರೂ ಹಾಕಿದ ಬೀಜ ಮೊಳೆಯುವ ಮೊದಲೇ ಕೊಚ್ಚಿಹೋಗುವಷ್ಟು ಸುರಿಯುತ್ತದೆ. ಹಿತ್ತಿಲಿಗೆ ಕಾಲಿಟ್ಟರೆ ಇಂಬಳ. ಇಂಬಳಕ್ಕೆ ಮಕ್ಕಳು ಬೇಗ ಒಗ್ಗಿಕೊಳ್ಳುತ್ತಾರೆ, ಸುಣ್ಣವೋ ಉಪ್ಪೋ ಮುಟ್ಟಿಸಿ ಬಿಡಿಸುವುದನ್ನೂ ಕಲಿಯುತ್ತಾರೆ. ಆದರೆ ಊರಿಂದ ಬಂದ ಅತಿಥಿ ಮಕ್ಕಳು ಬೆದರುತ್ತಾರೆ, ಅವರ ತಾಯಂದಿರು ಇನ್ನೂ ಹೆಚ್ಚು.

ಡಿಸೆಂಬರಿನಿಂದ ಮೇವರೆಗೆ ಬಿಸಿಲೇನೋ ಇದೆ, ಜೊತೆಗೆ ಉಣುಗೂ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ, ಉಣುಗಿನಿಂದ ಹರಡುವ ಮಂಗನ ಕಾಯಿಲೆ ಈಗ ನಮ್ಮ ಮನೆಬಾಗಿಲಿನ ಸಂಗತಿ. 2024ರಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕುಗಳ ಹೆಸರು ಆ ಸುದ್ದಿಯಲ್ಲಿ ಬಂತು. ಮರಿ ಉಣುಗುಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ಒಣ ದರಗಿನಲ್ಲಿ, ಕಾಡಂಚಿನ ಹುಲ್ಲಿನಲ್ಲಿ ಅವು ಕಾದಿರುತ್ತವೆ. ಕಾಡಿನ ಅಂಚಿನಲ್ಲಿ ಮನೆಯಿರುವವರು ಆ ತಿಂಗಳುಗಳಲ್ಲಿ ಮಕ್ಕಳ ಗುಂಪನ್ನು ದರಗಿನ ಮೇಲೆ ಉರುಳಾಡಲು ಬಿಡಬಾರದು. ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ದೊಡ್ಡವರ ಕೆಲಸಕ್ಕೆ ಆಸರೆ, ಆದರೆ ಅದನ್ನೇ ನಂಬಿ ಮಕ್ಕಳ ಹಬ್ಬ ಮಾಡುವುದು ಬೇಡ. ಬೇಸಿಗೆ ರಜೆಯಲ್ಲಿ ಮೊಮ್ಮಕ್ಕಳೆಲ್ಲ ಬೆಂಗಳೂರಿನಿಂದ ಬಂದಿರುತ್ತಾರೆ, ಮನೆ ತುಂಬಿರುತ್ತದೆ, ಆಗಲೇ ಮಾಡಿಬಿಡೋಣ ಎನ್ನಿಸುವುದು ಸಹಜ. ಆ ಆಸೆಯನ್ನು ಗುಡಿಸಿದ ಅಂಗಳಕ್ಕೆ, ಮಾವಿನ ನೆರಳಿಗೆ ಸೀಮಿತಗೊಳಿಸಿಕೊಳ್ಳಬೇಕು.

ಉಳಿಯುವುದು ಅಕ್ಟೋಬರ್ ಮತ್ತು ನವೆಂಬರ್. ಮಳೆ ಹಿಂದೆ ಸರಿದಿರುತ್ತದೆ, ಮಣ್ಣು ಮೆದುವಾಗಿಯೇ ಇರುತ್ತದೆ. ಚಿತ್ತೆ, ಸ್ವಾತಿ ಮಳೆಗಳು ಮಧ್ಯಾಹ್ನದ ಮೇಲೆ ಗುಡುಗಿಕೊಂಡು ಬಂದುಹೋಗುತ್ತವೆ, ಆದ್ದರಿಂದ ಬೆಳಗಿನ ಹೊತ್ತು ನಮ್ಮದು. ದಸರಾ ರಜೆಯೂ ಆಗಲೇ. ನಮ್ಮ ಹಿರಿಯರು ಬಯಲೂಟಗಳನ್ನು ಇಟ್ಟುಕೊಂಡದ್ದೂ ಇದೇ ಕಿಂಡಿಯಲ್ಲಿ: ಆಶ್ವೀಜದಲ್ಲಿ ಭೂಮಿ ಹುಣ್ಣಿಮೆ, ಕಾರ್ತೀಕದಲ್ಲಿ ನೆಲ್ಲಿಮರದ ಕೆಳಗಿನ ವನಭೋಜನ. ಮಕ್ಕಳಿಗಾಗಿ ತೋಟದ ಹಬ್ಬವೊಂದನ್ನು ಹೊಸದಾಗಿ ಎಲ್ಲಿಂದಲೋ ತರಿಸಬೇಕಾಗಿಲ್ಲ ಎಂದು ನಾನು ಹೇಳುವುದು ಇದಕ್ಕೇ. ಹಬ್ಬ ಇಲ್ಲೇ ಇದೆ. ಅದರಲ್ಲಿ ಮಕ್ಕಳಿಗಿದ್ದ ಜಾಗ ಮಾತ್ರ ಕಿರಿದಾಗುತ್ತ ಬಂದಿದೆ.

ವಿಜಯದಶಮಿಯಾಗಿ ಐದನೆಯ ದಿನಕ್ಕೆ ಬರುವ ಭೂಮಿ ಹುಣ್ಣಿಮೆಯನ್ನು ನೆನೆಯಿರಿ. ಕೆಲವರು ಸೀಗೆ ಹುಣ್ಣಿಮೆ ಎನ್ನುತ್ತಾರೆ. ಗದ್ದೆಯಲ್ಲಿ ಬತ್ತ ಹೊಡೆ ತುಂಬಿ ನಿಂತಿರುತ್ತದೆ, ಅಂದರೆ ಭೂಮಿ ಬಸುರಿ. ಬಸುರಿಗೆ ಬಯಕೆ ಊಟ ಬೇಡವೇ? ಹೆಂಗಸರು ಹಿಂದಿನ ದಿನವೇ ಹಿತ್ತಿಲು, ಬೇಲಿಸಾಲು, ತೋಟದ ದಿಣ್ಣೆಗಳನ್ನು ಸುತ್ತಿ ಕೈಗೆ ಸಿಕ್ಕ ಸೊಪ್ಪನ್ನೆಲ್ಲ ಕೊಯ್ದು ತರುತ್ತಾರೆ. ನೂರೊಂದು ಬಗೆಯಿರಬೇಕೆಂದು ಮಾತಿದೆ. ಅಷ್ಟು ಸಿಗಲಿ ಬಿಡಲಿ, ಹುಡುಕುವ ಕಣ್ಣು ಮಾತ್ರ ನೂರೊಂದಕ್ಕೂ ತೆರೆದಿರುತ್ತದೆ. ಆ ಬೆರಕೆ ಸೊಪ್ಪನ್ನು ರಾತ್ರಿಯೆಲ್ಲ ಬೇಯಿಸಿ, ಕಡುಬು ಮಾಡಿ, ಬೆಳಕು ಹರಿಯುವ ಮುಂಚೆ ದೀಪ ಹಿಡಿದು ಗದ್ದೆಗೂ ತೋಟಕ್ಕೂ ಹೊರಡುತ್ತಾರೆ. ಚರಗ ಚೆಲ್ಲುತ್ತ, ಕೂಗಿ ಕರೆಯುತ್ತ ಬದುಗಳ ಮೇಲೆ ನಡೆಯುತ್ತಾರೆ. ಪೈರಿಗೋ ಅಡಿಕೆ ಮರಕ್ಕೋ ಸೀರೆ ಉಡಿಸಿ, ತಾಳಿ ಕಟ್ಟಿ ಪೂಜೆ ಮಾಡುತ್ತಾರೆ. ಎಡೆಯಲ್ಲಿ ಕಾಗೆಗೆ ಪಾಲಿದೆ, ಇಲಿಗೂ ಪಾಲಿದೆ. ಒಂದು ಪಾಲನ್ನು ಮಣ್ಣಿನೊಳಗೇ ಹೂಳುತ್ತಾರೆ. ಆಮೇಲೆ ಎಲ್ಲರೂ ಅಲ್ಲೇ ಬಾಳೆಲೆ ಹಾಸಿಕೊಂಡು ಊಟಕ್ಕೆ ಕೂರುತ್ತಾರೆ.

ಮಕ್ಕಳಿಗೆ ಇದಕ್ಕಿಂತ ದೊಡ್ಡ ಸಂಭ್ರಮ ಯಾವುದಿದೆ? ಕತ್ತಲಲ್ಲಿ ಎದ್ದು ದೀಪ ಹಿಡಿದು ನಡೆಯುವುದು, ಗಂಟಲು ಬಿಚ್ಚಿ ಕೂಗುವುದು, ಅನ್ನ ಚೆಲ್ಲಿದರೂ ಬೈಸಿಕೊಳ್ಳದಿರುವುದು, ಗುಂಡಿ ತೋಡಿ ಕಡುಬು ಹೂಳುವುದು. ಇವತ್ತು ಅನೇಕ ಮನೆಗಳಲ್ಲಿ ಮಕ್ಕಳು ಏಳುವ ಹೊತ್ತಿಗೆ ಪೂಜೆ ಮುಗಿದಿರುತ್ತದೆ. ಗದ್ದೆ ಅಡಿಕೆತೋಟವಾದ ಮೇಲೆ ಬದುವಿನ ಮೇಲೆ ನಡೆಯುವ ದಾರಿಯೂ ಇಲ್ಲವಾಗಿದೆ. ಆದ್ದರಿಂದ ನನ್ನ ಸಲಹೆ ನೇರವಾದದ್ದು: ಭೂಮಿ ಹುಣ್ಣಿಮೆಯ ಆಸುಪಾಸಿನಲ್ಲಿ, ದಸರಾ ರಜೆಯೊಳಗೇ, ಒಂದು ಬೆಳಿಗ್ಗೆಯನ್ನು ಪೂರ್ತಿಯಾಗಿ ಮಕ್ಕಳಿಗೆ ಬಿಟ್ಟುಕೊಡಿ. ಅದು ತಪ್ಪಿದರೆ ಕಾರ್ತೀಕದ ಒಂದು ಭಾನುವಾರ ಇದೆ. ನವೆಂಬರ್ 14ರ ಮಕ್ಕಳ ದಿನವೂ ಹೆಚ್ಚಿನ ವರ್ಷಗಳಲ್ಲಿ ಕಾರ್ತೀಕದಲ್ಲೇ ಬೀಳುತ್ತದೆ. ಆದರೆ ತಡಮಾಡಿದಷ್ಟೂ ಅಡಿಕೆ ಕೊಯ್ಲಿನ ಒತ್ತಡ ಏರುತ್ತದೆ. ಅಂಗಳದ ತುಂಬ ಅಡಿಕೆ ಹರವಿದ ಮೇಲೆ ಮಕ್ಕಳ ಕಾಲಿಗೆ ಜಾಗ ಎಲ್ಲಿ? ಆಗ ದೊಡ್ಡವರ ಬಾಯಲ್ಲಿ ಬರುವುದು ಒಂದೇ ಮಾತು, ‘ಆಚೆ ಹೋಗಿ’.

ಆ ‘ಆಚೆ ಹೋಗಿ’ ಎಂಬ ಮಾತಿಗೆ ಕಾರಣಗಳಿವೆ. ನಮ್ಮ ತೋಟ ಈಗ ಮಕ್ಕಳಿಗೆ ಸಲೀಸಾದ ಜಾಗವಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಬೇಕು: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯನ್ನು ಕಟ್ಟಿದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ನೂರು ವರ್ಷಕ್ಕೂ ಹಿಂದೆ ಮಲೆನಾಡಿಗೆ ಕಲಿಸಿದ ಈ ಮದ್ದು ಇಂದಿಗೂ ಅಡಿಕೆಯನ್ನು ಕಾಯುತ್ತಿದೆ. ಆದರೆ ಅದು ಮಕ್ಕಳ ಕೈಗೆ, ಕಣ್ಣಿಗೆ ತಾಗಬಾರದು. ಮೇಲಾಗಿ ಹಳದಿ ಎಲೆ ರೋಗ, ಈಚೆಗೆ ಎಲೆಚುಕ್ಕೆ. ಕಣ್ಣೆದುರೇ ಸೊರಗುವ ತೋಟವನ್ನು ನೋಡುತ್ತಿರುವ ತಂದೆತಾಯಿಗೆ ಮಕ್ಕಳನ್ನು ಅದರೊಳಗೆ ಕರೆದೊಯ್ಯುವ ಉತ್ಸಾಹ ಹೇಗೆ ಬಂದೀತು? ‘ಓದಿ ಬೆಂಗಳೂರು ಸೇರು’ ಎನ್ನುವ ಅವರ ಮಾತಿನಲ್ಲಿ ಕಹಿಯಿಲ್ಲ, ಕಾಳಜಿಯಿದೆ. ನಾನು ಹೇಳುತ್ತಿರುವ ಹಬ್ಬ ಮಕ್ಕಳನ್ನು ಕೃಷಿಕರನ್ನಾಗಿ ಮಾಡುವ ಯೋಜನೆಯಲ್ಲ. ತಾವು ಹುಟ್ಟಿದ ನೆಲದಲ್ಲಿ ಒಂದು ಬೀಜ ಮೇಲೇಳುವುದನ್ನು ನೋಡದೆಯೇ ಮಕ್ಕಳು ಈ ಊರು ಬಿಡಬಾರದು, ಅಷ್ಟೇ.

ಅದಕ್ಕೆ ತೋಟ ಬೇಕಾಗಿಲ್ಲ, ಹಿತ್ತಿಲು ಸಾಕು. ಬಸಳೆ ಚಪ್ಪರ, ಕೆಸುವಿನ ಮಡು, ಬಚ್ಚಲ ನೀರು ಹರಿದುಹೋಗುವ ಕಡೆ ಬಾಳೆ, ಬೇಲಿಗೆ ದಾಸವಾಳ ಇರುವ ನಮ್ಮ ಸಾಧಾರಣ ಹಿತ್ತಿಲು.

ಪ್ರತಿ ಮಗುವಿಗೂ ತನ್ನದೇ ಆದ ಒಂದು ಪಾತಿ ಇರಬೇಕು ಎಂಬುದು ನನ್ನ ಮೊದಲ ಹಟ. ಮಕ್ಕಳ ಶಿಕ್ಷಣವನ್ನು ತೋಟಕ್ಕೆ ತಂದ ಜರ್ಮನಿಯ ಫ್ರೀಡ್ರಿಕ್ ಫ್ರೋಬೆಲ್ 1837ರಲ್ಲಿ ಬ್ಲಾಂಕೆನ್‌ಬುರ್ಗ್‌ನಲ್ಲಿ ತನ್ನ ಶಾಲೆ ಶುರುಮಾಡಿದವನು. ಅವನ ತೋಟದಲ್ಲಿ ಪ್ರತಿ ಮಗುವಿಗೂ ಒಂದೊಂದು ತುಂಡು ನೆಲವಿತ್ತು, ಅವುಗಳ ಸುತ್ತ ಎಲ್ಲರಿಗೂ ಸೇರಿದ ಪಾತಿಗಳಿದ್ದವು. ಒಳಗಿನದು ನಿನ್ನದು, ಸುತ್ತಲಿನದು ನಮ್ಮೆಲ್ಲರದು. ಎರಡನ್ನೂ ನೋಡಿಕೊಳ್ಳಬೇಕು. ಇಷ್ಟು ಸರಳವಾದ ವ್ಯವಸ್ಥೆಯೊಳಗೆ ಎಷ್ಟೊಂದು ಪಾಠಗಳು ಅಡಗಿವೆಯೆಂದು ನನಗೆ ಇಂದಿಗೂ ಬೆರಗು. ನಮ್ಮ ಹಿತ್ತಿಲಲ್ಲಿ ಪಾತಿಯ ಅಗಲ ಮಗು ಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತು ನಡುವಿನವರೆಗೆ ಕೈ ಚಾಚುವಷ್ಟಿರಲಿ, ಹೆಚ್ಚು ಬೇಡ. ದೊಡ್ಡವರು ಹಿಂದಿನ ದಿನ ಒಮ್ಮೆ ಅಗೆದು ಕಲ್ಲು, ಬೇರು ತೆಗೆದು ಇಡಬೇಕು. ಮಳೆಗಾಲವಿಡೀ ತೊಯ್ದ ನಮ್ಮ ಕೆಂಪು ಮಣ್ಣು ಹುಳಿಯಾಗಿರುತ್ತದೆ. ಒಲೆಯ ಬೂದಿ ಒಂದು ಬೊಗಸೆ, ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಒಂದು ಬುಟ್ಟಿ ಬೆರೆಸಿದರೆ ಹದಕ್ಕೆ ಬರುತ್ತದೆ. ಆದರೆ ಪೂರ್ತಿ ಸಿದ್ಧಮಾಡಿ ಇಟ್ಟುಬಿಡಬೇಡಿ. ಹೆಂಟೆ ಒಡೆಯುವುದು, ಗೊಬ್ಬರ ಕಲಸುವುದು, ಏರಿ ಕಟ್ಟುವುದು ಮಕ್ಕಳ ಕೆಲಸ. ಆಟಿಕೆ ಸಾಮಾನಿನ ಪ್ಲಾಸ್ಟಿಕ್ ಸಲಿಕೆ ಒಂದು ಹೆಂಟೆಗೇ ಮುರಿಯುತ್ತದೆ. ಸಣ್ಣ ಕೈಗುದ್ದಲಿ ಇರಲಿ, ತೀರ ಚಿಕ್ಕವರಿಗೆ ತೆಂಗಿನ ಕರಟ ಇರಲಿ. ಕರಟದಷ್ಟು ಒಳ್ಳೆಯ ಮಣ್ಣಿನ ಸೌಟು ಇನ್ನೊಂದಿಲ್ಲ. ಅದಕ್ಕೆ ಎರಡು ತೂತು ಕೊರೆದರೆ ನೀರು ಚಿಮುಕಿಸುವ ಸಾಧನವೂ ಆಯಿತು. ಕತ್ತಿ ಮಾತ್ರ ದೊಡ್ಡವರ ಕೈಯಲ್ಲೇ ಇರಲಿ.

ಬೀಜದ ಆಯ್ಕೆಯಲ್ಲಿ ಅನೇಕರು ಎಡವುತ್ತಾರೆ. ಹೂವಿನ ಬೀಜದ ಬಣ್ಣಬಣ್ಣದ ಪೊಟ್ಟಣ ತಂದು ಹಂಚುತ್ತಾರೆ. ಅದರೊಳಗಿನ ಕಾಳು ಧೂಳಿನಂತಿರುತ್ತದೆ, ಮಕ್ಕಳ ಬೆರಳಿಗೆ ಸಿಗುವುದೇ ಇಲ್ಲ. ಪುಟ್ಟ ಕೈಗೆ ದೊಡ್ಡ ಬೀಜ ಬೇಕು: ಅಲಸಂದೆ, ಬೆಂಡೆ, ಮೊಗೆಕಾಯಿ, ಕುಂಬಳ. ಅಲಸಂದೆಯನ್ನು ಹಿಂದಿನ ರಾತ್ರಿ ನೀರಿಗೆ ಹಾಕಿಟ್ಟರೆ ನಾಲ್ಕೈದು ದಿನಕ್ಕೆ ಮಣ್ಣನ್ನು ಎತ್ತಿಕೊಂಡು ಮೇಲೇಳುತ್ತದೆ. ಮೆಂತೆ ಅದಕ್ಕೂ ಬೇಗ. ಎಂಟು ಹತ್ತು ವರ್ಷದವರಿಗೆ ಹರಿವೆ ಕೊಡಬಹುದು. ಬೂದಿಯಲ್ಲೋ ಮರಳಲ್ಲೋ ಬೆರೆಸಿ ಚೆಲ್ಲಿದರೆ ಒತ್ತಾಗಿ ಬೀಳುವುದಿಲ್ಲ, ಇರುವೆಯೂ ಹೊತ್ತೊಯ್ಯುವುದಿಲ್ಲ. 25–30 ದಿನಕ್ಕೆ ಕೊಯ್ಲು. ಮೂಲಂಗಿ ಸುಮಾರು 40 ದಿನಕ್ಕೆ ಕೈಗೆ ಬರುತ್ತದೆ. ಕಾಯುವಿಕೆ ಮಕ್ಕಳಿಗೆ ಕಲಿಸಬೇಕಾದ ವಿದ್ಯೆಯೇ ಹೌದು, ಆದರೆ ಮೊದಲ ಸಲವೇ ತೆಂಗಿನಸಸಿ ನೆಡಿಸಿ ವರ್ಷಗಟ್ಟಲೆ ಕಾಯಿಸುವುದು ಅನ್ಯಾಯ. ಒಂದೇ ಪಾತಿಯಲ್ಲಿ ಮೆಂತೆ, ಹರಿವೆ, ಮೂಲಂಗಿ, ಅಲಸಂದೆ ಇದ್ದರೆ ವಾರಕ್ಕೊಂದು ಹೊಸ ಸುದ್ದಿ ಇರುತ್ತದೆ.

ರಜೆ ಮುಗಿಸಿ ಊರಿಗೆ ಮರಳುವ ಮಕ್ಕಳಿಗೆ ಸಸಿ ಒಯ್ಯಲು ಕುಂಡ ಕೊಳ್ಳಬೇಕಾಗಿಲ್ಲ. ಕಡುಬಿಗೆ ಮಾಡುವ ಹಲಸಿನೆಲೆಯ ಕೊಟ್ಟೆಯೇ ಕುಂಡ. ನಾಲ್ಕು ಎಲೆಗಳನ್ನು ಕಡ್ಡಿ ಚುಚ್ಚಿ ಜೋಡಿಸಿ, ಎರಡು ಪಾಲು ಮಣ್ಣು, ಒಂದು ಪಾಲು ಗೊಬ್ಬರ, ಒಂದು ಪಾಲು ಮರಳು ತುಂಬಿ ಕಾಳು ಹಾಕಿದರೆ ಮುಗಿಯಿತು. ಬೆಂಗಳೂರಿನ ಬಾಲ್ಕನಿ ತಲುಪಿದ ಮೇಲೆ ಕೊಟ್ಟೆಯ ಸಮೇತ ದೊಡ್ಡ ಕುಂಡಕ್ಕೆ ಇಳಿಸಬಹುದು, ಎಲೆ ಕೊಳೆತು ಗೊಬ್ಬರವಾಗುತ್ತದೆ. ಕೊಟ್ಟೆ ಕಟ್ಟುವುದನ್ನು ಕಲಿಸಲು ಅಜ್ಜಿಯೇ ಬೇಕು. ಈ ಹಬ್ಬದಲ್ಲಿ ಅಜ್ಜಿಗೆ ಆರಾಮ ಕುರ್ಚಿ ಹಾಕಿ ಕೂರಿಸುವುದು ಸಲ್ಲದು. ಅಂದಿನ ಮುಖ್ಯ ಗುರು ಅವಳೇ.

ಅಜ್ಜಿಯ ಎರಡನೆಯ ಪಾಠ ಸೊಪ್ಪು. ಬೆರಕೆ ಸೊಪ್ಪಿನ ಪದ್ಧತಿಯನ್ನೇ ಮಕ್ಕಳಿಗೆ ಆಟವಾಗಿ ಕೊಡಬಹುದು. ಮೂರು ಮೂರು ಮಕ್ಕಳ ಗುಂಪು ಮಾಡಿ, ಗುಂಪಿಗೊಬ್ಬ ದೊಡ್ಡವರನ್ನು ಸೇರಿಸಿ, ಒಂದು ಬುಟ್ಟಿ ಕೊಟ್ಟು ಕಳಿಸಿ. ಒಂದೆಲಗ, ಎಲವರಿಗೆ, ಹೊನಗೊನ್ನೆ, ದೊಡ್ಡಪತ್ರೆ, ಬಸಳೆ, ನುಗ್ಗೆ, ಕುಂಬಳದ ಕುಡಿ, ಕೆಸು. ತಂದದ್ದನ್ನೆಲ್ಲ ಜಗುಲಿಯ ಮೇಲೆ ಹರವಿ ಅಜ್ಜಿ ಒಂದೊಂದನ್ನೇ ಎತ್ತಿ ಹೇಳಬೇಕು: ಇದು ತಂಬುಳಿಗೆ, ಇದು ಕೆಮ್ಮಿಗೆ, ಇದು ಬಾಣಂತಿಗೆ, ಇದನ್ನು ಹಸಿಯಾಗಿ ಬಾಯಿಗಿಟ್ಟರೆ ತುರಿಕೆ, ಇದು ದನವೂ ಮುಟ್ಟದ್ದು. ಆಮೇಲೆ ಕಣ್ಣುಕಟ್ಟಿ ಮೂಸಿ ಗುರುತಿಸುವ ಆಟ. ಅರಿಶಿನದೆಲೆ, ಶುಂಠಿಯ ಎಲೆ, ಮಜ್ಜಿಗೆಹುಲ್ಲು, ಕಾಳುಮೆಣಸಿನ ಹಸಿ ಎಲೆ, ಏಲಕ್ಕಿಯ ಎಲೆ ಇಷ್ಟನ್ನೂ ಮೂಗೊಂದರಿಂದಲೇ ಬಿಡಿಸಿ ಹೇಳುವ ಮಗು ದೊಡ್ಡವರನ್ನೂ ಸೋಲಿಸುತ್ತದೆ.

ಇದೇ ಹೊತ್ತಿನಲ್ಲಿ ವಿಷದ ಮಾತನ್ನೂ ಸ್ಪಷ್ಟವಾಗಿ ಹೇಳಿಬಿಡಬೇಕು. ನಮ್ಮ ಬೇಲಿಯ ಚಂದದ ಹೂಗಳಲ್ಲಿ ಕಣಗಿಲೆ ಇದೆ, ಹಳದಿ ಕರವೀರ ಇದೆ, ಮಳೆಗಾಲದಲ್ಲಿ ಬೆಂಕಿಯ ನಾಲಿಗೆ ಚಾಚಿದ ಹಾಗೆ ಅರಳುವ ಅಗ್ನಿಶಿಖೆ ಇದೆ. ಪೂಜೆಗೆ ಸಲ್ಲುತ್ತವೆ, ಬಾಯಿಗೆ ಸಲ್ಲವು. ಅಗ್ನಿಶಿಖೆಯ ಗೆಡ್ಡೆ ಗೆಣಸಿನಂತೆ ಕಂಡು ಮೋಸ ಮಾಡುತ್ತದೆ. ದತ್ತೂರದ ಮುಳ್ಳುಕಾಯಿ ಮಕ್ಕಳಿಗೆ ಆಟದ ಸಾಮಾನಿನಂತೆ ತೋರುತ್ತದೆ. ಚೇರೆ ಮರದ ಸೋನೆ ತಾಗಿದರೆ ಚರ್ಮ ಬೊಬ್ಬೆ ಏಳುತ್ತದೆ. ನಸುಗುನ್ನಿ ಕಾಯಿಯ ರೋಮದ ತುರಿಕೆ ಗೊತ್ತಿಲ್ಲದವರಿಲ್ಲ. ಇವನ್ನೆಲ್ಲ ಕಿತ್ತೆಸೆದು ಹಿತ್ತಿಲನ್ನು ಬೋಳು ಮಾಡುವುದು ಪರಿಹಾರವಲ್ಲ. ಪ್ರತಿ ಗಿಡಕ್ಕೂ ಕೆಂಪು ದಾರ ಕಟ್ಟಿ, ದಾರ ಕಂಡಲ್ಲಿ ಕೈಯಿಲ್ಲ ಎಂಬ ನಿಯಮ ಮಾಡಿದರೆ ಮಕ್ಕಳು ಗೌರವದಿಂದ ಪಾಲಿಸುತ್ತಾರೆ. ಹಿತ್ತಿಲಲ್ಲಿ ಕೆರೆಯೋ ನೀರಿನ ಗುಂಡಿಯೋ ಇದ್ದರೆ ದಾರ ಸಾಲದು. ಬೇಲಿ ಬೇಕು, ಅಲ್ಲಿ ಒಬ್ಬ ದೊಡ್ಡವರು ಆ ದಿನವಿಡೀ ಬೇರೆ ಕೆಲಸವಿಲ್ಲದೆ ಕೂತಿರಬೇಕು. ಹಿಂದಿನ ದಿನವೇ ಹುಲ್ಲು ಸವರಿ, ಕಟ್ಟಿಗೆ ರಾಶಿಯನ್ನೂ ಕಲ್ಲುಗುಪ್ಪೆಯನ್ನೂ ಬಡಿದು ಸದ್ದು ಮಾಡಿ ಹಾವಿಗೂ ಸುಳಿವು ಕೊಟ್ಟಿರಬೇಕು.

ಎರೆಹುಳುವಿನ ಕತೆಯಿಲ್ಲದೆ ಈ ಹಬ್ಬ ಪೂರ್ಣವಾಗದು. 1881ರಲ್ಲಿ, ಸಾಯುವ ಹಿಂದಿನ ವರ್ಷ, ಚಾರ್ಲ್ಸ್ ಡಾರ್ವಿನ್ ಎರೆಹುಳುಗಳ ಮೇಲೆ ಒಂದು ಪುಸ್ತಕ ಪ್ರಕಟಿಸಿದ. ಅವಕ್ಕೆ ಕಿವಿ ಇದೆಯೇ ಎಂದು ತಿಳಿಯಲು ಆ ಮುದುಕ ಮನೆಮಂದಿಯನ್ನೆಲ್ಲ ಕೆಲಸಕ್ಕೆ ಹಚ್ಚಿದ್ದ. ಮಡಕೆಯಲ್ಲಿ ಹುಳುಗಳನ್ನಿಟ್ಟು ಎದುರು ಸೀಟಿ ಊದಿದರು, ಬಸೂನ್ ಎಂಬ ದೊಡ್ಡ ಕೊಳಲು ನುಡಿಸಿದರು, ಪಿಯಾನೊ ಬಾರಿಸಿದರು, ಕೂಗಿದರು. ಹುಳುಗಳು ಕದಲಲಿಲ್ಲ. ಆದರೆ ಮಡಕೆಯನ್ನು ಪಿಯಾನೊದ ಮೇಲೇ ಇಟ್ಟು ಒಂದು ಸ್ವರ ಒತ್ತಿದೊಡನೆ ಬಿಲದೊಳಕ್ಕೆ ಸರಕ್ಕನೆ ಸೇರಿಕೊಂಡವು. ಗಾಳಿಯಲ್ಲಿ ಬರುವ ಸದ್ದು ಅವಕ್ಕೆ ಕೇಳದು, ನೆಲದಲ್ಲಿ ಬರುವ ಅದಿರು ಗೊತ್ತಾಗುತ್ತದೆ. ನಮ್ಮಲ್ಲಿ ಪಿಯಾನೊ ಇಲ್ಲ, ಜಾಗಟೆ ಇದೆ, ತಾಮ್ರದ ಹಂಡೆ ಇದೆ, ಹಲಗೆ ಇದೆ. ಹಬ್ಬದ ಹಿಂದಿನ ಸಂಜೆ ಮಕ್ಕಳು ಬಂದು ಉಳಿದುಕೊಂಡಿದ್ದರೆ ಮಬ್ಬುಗತ್ತಲಿನ ಜಗುಲಿಯಲ್ಲಿ ಈ ಪ್ರಯೋಗ ಮಾಡಿಸಿ. ಒದ್ದೆ ಮಣ್ಣಿನ ಮಡಕೆಯಲ್ಲಿ ಹುಳು ತಲೆ ಹೊರಗಿಡುವವರೆಗೆ ಉಸಿರು ಬಿಗಿಹಿಡಿದು ಕಾಯಬೇಕು. ಜಾಗಟೆ ಹೊಡೆದು ನೋಡಬೇಕು. ಆಮೇಲೆ ಹಲಗೆಯ ಮೇಲಿಟ್ಟು ಮೆಲ್ಲನೆ ತಟ್ಟಿ ನೋಡಬೇಕು. ಮರುದಿನ ಪಾತಿ ಅಗೆಯುವಾಗ ಹುಳು ಕಂಡರೆ ‘ಈ’ ಎಂದು ಹಾರುವ ಮಗು ಇರುವುದಿಲ್ಲ, ಅದನ್ನು ಅಂಗೈಯಲ್ಲಿ ಎತ್ತಿ ಪಕ್ಕಕ್ಕೆ ಬಿಡುವ ಮಗು ಇರುತ್ತದೆ.

ಇನ್ನು ಮೆರವಣಿಗೆ. ಶಾಂತಿನಿಕೇತನದಲ್ಲಿ ರವೀಂದ್ರನಾಥ ಠಾಕೂರರು 1928ರ ಜುಲೈನಲ್ಲಿ ವೃಕ್ಷಾರೋಪಣದ ಉತ್ಸವ ಶುರುಮಾಡಿದರು. ಅಲ್ಲಿ ನೆಡುವ ಸಸಿಯನ್ನು ಸಿಂಗರಿಸಿದ ಪಲ್ಲಕ್ಕಿಯಲ್ಲಿಟ್ಟು, ಹಾಡುತ್ತ ಕುಣಿಯುತ್ತ ಹೊತ್ತು ತರುವುದು ರೂಢಿ. ದೇಶದ ವನಮಹೋತ್ಸವ 1950ರಲ್ಲಿ ಕೆ.ಎಂ. ಮುನ್ಶಿಯವರಿಂದ ಬಂತು. ಅದರಲ್ಲಿ ಭಾಷಣ ಸೇರಿಕೊಂಡಷ್ಟು ಹಾಡು ಸೇರಲಿಲ್ಲ, ಮಕ್ಕಳು ಸಾಲಾಗಿ ನಿಂತು ಚಪ್ಪಾಳೆ ತಟ್ಟುವವರಾದರು. ನಮ್ಮ ಹಿತ್ತಿಲಿಗೆ ಠಾಕೂರರ ದಾರಿಯೇ ಒಪ್ಪುತ್ತದೆ. ಎಲ್ಲರಿಗೂ ಸೇರಿದ ಒಂದು ಸಸಿ, ನೆಲ್ಲಿಯೋ ನೇರಳೆಯೋ ಕಾಡುಮಾವೋ, ಇರಲಿ. ಪಲ್ಲಕ್ಕಿಗೆ ಅಡಿಕೆ ಹಾಳೆ ಇದೆ, ಎರಡು ಬಿದಿರಿನ ಗಳು ಇದೆ. ಡೇರೆ ಹೂ, ದಾಸವಾಳ, ಗೊರಟೆಯಿಂದ ಸಿಂಗರಿಸಿ, ಮಕ್ಕಳೆಲ್ಲ ಹಾಳೆಯ ಟೋಪಿ ಹಾಕಿಕೊಂಡು, ಜಾಗಟೆ ಬಾರಿಸುತ್ತ ಮನೆಗೆ ಒಂದು ಸುತ್ತು ಬರಲಿ. ಸಸಿ ನೆಟ್ಟಾದ ಮೇಲೆ ಅದೇ ಹಾಳೆ ಗಾಡಿಯಾಗುತ್ತದೆ: ಒಬ್ಬ ಕೂರುವುದು, ಇಬ್ಬರು ಸೋಗೆಯ ತುದಿ ಹಿಡಿದು ಎಳೆಯುವುದು, ತಿರುವಿನಲ್ಲಿ ಎಲ್ಲರೂ ಉರುಳುವುದು. ಇದನ್ನು ಯಾರೂ ಕಲಿಸಬೇಕಾಗಿಲ್ಲ. ಒಂದೇ ಎಚ್ಚರ, ಮೈಲುತುತ್ತದ ನೀಲಿ ಕಲೆಯಿರುವ ಹಾಳೆಗಳನ್ನು ಬೇರೆ ತೆಗೆದಿಡಿ. ತೊಳೆದು ಒಣಗಿಸಿದ ಶುದ್ಧ ಹಾಳೆಯೇ ಮಕ್ಕಳ ಕೈಗೂ ತಲೆಗೂ ಬರಲಿ.

ನಮ್ಮ ನಾಡಿನಲ್ಲೇ ಮಕ್ಕಳಿಗಾಗಿ ಬಯಲನ್ನು ತೆರೆದವರಲ್ಲಿ ಶಿವರಾಮ ಕಾರಂತರು ಮೊದಲಿಗರು. 1930ರ ದಶಕದಲ್ಲಿ ಪುತ್ತೂರಿನ ಗುಡ್ಡದ ಮೇಲೆ ಬಾಲವನ ಕಟ್ಟಿ, ಆಟ, ನಾಟಕ, ಪ್ರಕೃತಿ ಎಲ್ಲವನ್ನೂ ಕಲಿಕೆಗೆ ಸೇರಿಸಿದರು. ಕುವೆಂಪು ಹುಟ್ಟಿದ ಹಿರೇಕೊಡಿಗೆ ನಮ್ಮ ಕೊಪ್ಪ ತಾಲ್ಲೂಕಿನದೇ. ಅವರ ಬರಹದಲ್ಲಿ ಕಾಣುವ ಮಲೆನಾಡಿನ ಹುಡುಗರಿಗೆ ಹಿತ್ತಿಲು, ಗದ್ದೆ, ಕಾಡು ಬೇರೆಬೇರೆ ಆಗಿರಲಿಲ್ಲ. ಆ ಬಾಲ್ಯವನ್ನು ಇದ್ದಂತೆಯೇ ಮರಳಿ ತರಲಾಗದು, ತರಬೇಕೆಂಬ ಹಂಬಲವೂ ನನಗಿಲ್ಲ. ಅದರಲ್ಲಿ ಬಡತನವಿತ್ತು, ಮಲೇರಿಯಾ ಇತ್ತು, ಯಾರು ಯಾರ ಮನೆಯ ಎಲ್ಲಿಯವರೆಗೆ ಬರಬಹುದು ಎಂಬ ಗೆರೆಗಳಿದ್ದವು.

ಆ ಗೆರೆಗಳ ವಿಚಾರದಲ್ಲಿ ನನ್ನ ಮಾತು ಗಟ್ಟಿ. ಈ ಹಬ್ಬಕ್ಕೆ ಯಾರನ್ನು ಕರೆಯುತ್ತೀರಿ? ನೆಂಟರ ಮಕ್ಕಳು, ಆಚೆಮನೆ ಈಚೆಮನೆಯವರು, ಸರಿ. ತೋಟದ ಲೈನಿನಲ್ಲಿರುವ ಮಕ್ಕಳು? ಕಾಫಿ ಕೊಯ್ಲಿಗೆ, ಅಡಿಕೆ ಕೆಲಸಕ್ಕೆ ಬಂದವರ ಮಕ್ಕಳು ಅವರು. ಕೆಲವರ ಊರು ಇಲ್ಲಿಯದೇ, ಕೆಲವರದು ಉತ್ತರ ಕರ್ನಾಟಕ, ಈಚೆಗೆ ಅಸ್ಸಾಂ ಕಡೆಯವರೂ ಇದ್ದಾರೆ. ಈ ಮಣ್ಣನ್ನು ಅವರ ತಂದೆತಾಯಿ ದಿನವೂ ಮುಟ್ಟುತ್ತಾರೆ. ಗುದ್ದಲಿ ಹಿಡಿಯುವ ಬಗೆ, ಬೀಜ ಎಷ್ಟು ಆಳಕ್ಕೆ ಹೋಗಬೇಕು, ಯಾವ ಹುಳು ಕಚ್ಚುತ್ತದೆ ಎಂಬುದು ಅವರಲ್ಲಿ ಅನೇಕರಿಗೆ ಆಗಲೇ ಗೊತ್ತು. ಅವರು ಬೇಲಿಯಾಚೆ ನಿಂತು ನೋಡುವ ಹಬ್ಬ ತೋಟದ ಹಬ್ಬವಾಗಲಾರದು. ಅವರಿಗೂ ಪಾತಿ ಬೇಕು, ಮನೆಯವರ ಮಕ್ಕಳ ಪಾತಿಗಳ ನಡುವೆಯೇ ಬೇಕು, ಬದಿಯಲ್ಲಲ್ಲ. ಊಟಕ್ಕೆ ಒಂದೇ ಪಂಕ್ತಿ. ಎಲೆ ಹಾಕುವವರಲ್ಲಿ ಎಲ್ಲ ಮಕ್ಕಳೂ ಇರಲಿ. ಭೂಮಿ ಹುಣ್ಣಿಮೆಯಂದು ಇಲಿಗೂ ಕಾಗೆಗೂ ಪಾಲು ತೆಗೆದಿಡುವ ನಮಗೆ ಇದು ಕಷ್ಟವಾಗಬಾರದು.

ಊಟದ ಮಾತಿಗೆ ಬಂದೆ, ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಬೇಕರಿಯ ಕೇಕು ತಂದು ಅದರ ಮೇಲೆ ಸಕ್ಕರೆಯ ಹೂ ಇಡುವುದಕ್ಕಿಂತ ಮಕ್ಕಳೇ ಅರಿಶಿನದೆಲೆಯ ಕಡುಬು ಮಾಡಲಿ. ಅಕ್ಟೋಬರಿನಲ್ಲಿ ಅರಿಶಿನದ ಎಲೆ ಅಗಲವಾಗಿ, ಹಸಿರಾಗಿ ಇನ್ನೂ ನಿಂತಿರುತ್ತದೆ. ಅಕ್ಕಿ ನೆನೆಸಿ ಗಟ್ಟಿಯಾಗಿ ರುಬ್ಬಿದ ಹಿಟ್ಟು ಒಂದು ಪಾತ್ರೆಯಲ್ಲಿ, ಬೆಲ್ಲ–ತೆಂಗಿನಕಾಯಿ–ಏಲಕ್ಕಿಯ ಹೂರಣ ಇನ್ನೊಂದರಲ್ಲಿ. ಮಗು ತಾನೇ ಎಲೆ ಕೊಯ್ದು, ಒರೆಸಿ, ಹಿಟ್ಟು ಸವರಿ, ಹೂರಣ ಇಟ್ಟು, ಮಡಚಬೇಕು. ಹಿಟ್ಟು ಅಂಚಿನಿಂದ ಇಳಿದರೂ ಇಳಿಯಲಿ. ತಮ್ಮದು ಯಾವುದೆಂದು ಗುರುತಿಗೆ ಒಬ್ಬ ಬಾಳೆನಾರು ಕಟ್ಟುತ್ತಾನೆ, ಒಬ್ಬಳು ತೊಟ್ಟು ಉದ್ದ ಬಿಡುತ್ತಾಳೆ. 20–25 ನಿಮಿಷ ಹಬೆಯಲ್ಲಿ ಬೆಂದಾಗ ಬರುವ ಪರಿಮಳಕ್ಕೆ ಪಾತಿಯಲ್ಲಿದ್ದವರೆಲ್ಲ ತಾವಾಗಿ ಎದ್ದು ಬರುತ್ತಾರೆ. ಇದರ ಜೊತೆ ಸೌತೆಕಾಯಿ ಕಡುಬು, ಮಕ್ಕಳೇ ತಂದ ಬೆರಕೆ ಸೊಪ್ಪಿನ ಪಲ್ಯ, ಒಂದೆಲಗದ ತಂಬುಳಿ, ಕೆಂಡದಲ್ಲಿ ಸುಟ್ಟ ಗೆಣಸು, ಕುಡಿಯಲು ಮುರುಗಲು ಹಣ್ಣಿನ ಪಾನಕ. ಮನೆಯಲ್ಲಿ ಸೊಪ್ಪು ಕಂಡರೆ ಮುಖ ತಿರುಗಿಸುವ ಮಗು ತಾನು ಹುಡುಕಿ ತಂದ ಸೊಪ್ಪನ್ನು ಎರಡನೆಯ ಸಲ ಹಾಕಿಸಿಕೊಳ್ಳುವುದನ್ನು ನಾನು ಕಂಡಿದ್ದೇನೆ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಆಲಿಸ್ ವಾಟರ್ಸ್ ಎಂಬ ಅಡುಗೆಯ ಕಲಾವಿದೆ 1995ರಲ್ಲಿ ಒಂದು ಶಾಲೆಯ ಆವರಣದಲ್ಲಿ ತೋಟ ಮತ್ತು ಅಡುಗೆಮನೆಯನ್ನು ಒಟ್ಟಿಗೇ ಶುರುಮಾಡಿದ್ದೂ ಇದೇ ನಂಬಿಕೆಯ ಮೇಲೆ. ಬೆಳೆದ ಕೈಯೇ ಬೇಯಿಸಬೇಕು, ಬೇಯಿಸಿದವರೇ ಒಟ್ಟಿಗೆ ಕೂತು ಉಣ್ಣಬೇಕು. ನಮ್ಮ ಸರ್ಕಾರಿ ಶಾಲೆಗಳ ಕೈತೋಟಗಳೂ ಬಿಸಿಯೂಟದ ಒಲೆಗೆ ಸೊಪ್ಪು ತರಕಾರಿ ಕೊಡುತ್ತಿವೆ. ಚೆನ್ನಾಗಿ ನಡೆಯುವ ಕಡೆ ಅದರ ಹಿಂದೆ ಒಬ್ಬ ಶಿಕ್ಷಕಿಯದೋ ಶಿಕ್ಷಕರದೋ ಪ್ರೀತಿ ಇದ್ದೇ ಇರುತ್ತದೆ. ಮನೆಯ ಹಬ್ಬಕ್ಕೆ ಆ ಶಿಕ್ಷಕರನ್ನೂ ಕರೆಯಿರಿ.

ಉಣ್ಣುವ ಮೊದಲು ಚರಗ. ದೊಡ್ಡವರು ಭೂಮಿ ಹುಣ್ಣಿಮೆಯಲ್ಲಿ ಮಾಡುವುದನ್ನೇ ಮಕ್ಕಳು ತಮ್ಮ ಪಾತಿಗಳ ಸುತ್ತ ಮಾಡಲಿ. ಕಡುಬಿನ ಒಂದು ತುಣುಕು ಪಾತಿಯ ಮೂಲೆಯಲ್ಲಿ ಹೂಳಲಿ, ಒಂದು ಹಕ್ಕಿಗೆ ಇಡಲಿ. ಈ ಪಾಲಿನ ಲೆಕ್ಕ ಮಂಗಗಳ ವಿಷಯದಲ್ಲಿ ಪೂರ್ತಿ ಕೆಲಸ ಮಾಡುವುದಿಲ್ಲ ಎಂದು ಮಕ್ಕಳಿಗೆ ಮೊದಲೇ ಹೇಳಿಡುವುದು ಒಳ್ಳೆಯದು. ಮಂಗ ಬರುತ್ತದೆ, ಎಳೆ ಮೊಗೆಕಾಯಿ ಕಿತ್ತು ಒಂದು ಕಡಿತ ಕಡಿದು ಎಸೆಯುತ್ತದೆ. ಬಸವನಹುಳು ರಾತ್ರೋರಾತ್ರಿ ಮೂಲಂಗಿಯ ಎಲೆ ಮುಗಿಸುತ್ತದೆ. ಮಕ್ಕಳು ಅತ್ತಾರು. ಆ ಅಳು ಮಲೆನಾಡಿನ ಪ್ರತಿ ಕೃಷಿಕನಿಗೂ ಗೊತ್ತಿರುವಂಥದು, ಅದನ್ನು ಮುಚ್ಚಿಡುವುದು ಬೇಡ. ಬಸವನಹುಳುವಿಗೆ ಪಾತಿಯ ಸುತ್ತ ಬೂದಿಯ ಗೆರೆ ಎಳೆಯುವುದನ್ನು, ರಾತ್ರಿ ಟಾರ್ಚು ಹಿಡಿದು ಆರಿಸುವುದನ್ನು ಕಲಿಸಬಹುದು. ಮಂಗಕ್ಕೆ ಉಪಾಯ ಹೇಳಿಕೊಡುವಷ್ಟು ಜಾಣರು ನಮ್ಮಲ್ಲಿ ಇನ್ನೂ ಹುಟ್ಟಿಲ್ಲ, ಒಂದೆರಡು ಗಿಡ ಹೆಚ್ಚಿಗೆ ಹಾಕಬೇಕು.

ಹಬ್ಬ ಮುಗಿದ ಮರುದಿನದಿಂದಲೇ ನಿಜವಾದ ಕೆಲಸ. ಶಾಲೆ ತೆರೆದ ಮೇಲೆ ಅರ್ಧದಷ್ಟು ಮಕ್ಕಳು ಬೆಂಗಳೂರಿಗೋ ಶಿವಮೊಗ್ಗಕ್ಕೋ ಹೊರಡುತ್ತಾರೆ. ಅವರ ಪಾತಿ ಯಾರದು? ಹೋಗುವ ಪ್ರತಿ ಮಗುವೂ ಇಲ್ಲೇ ಉಳಿಯುವ ಒಬ್ಬ ಗೆಳೆಯನಿಗೋ ಗೆಳತಿಗೋ ತನ್ನ ಪಾತಿಯನ್ನು ವಹಿಸಿಕೊಟ್ಟು ಹೋಗಬೇಕು. ಹರಿವೆ ಕೊಯ್ಲಿಗೆ ಬಂದಾಗ ಸಾರು ಮಾಡುವುದು ವಹಿಸಿಕೊಂಡವರ ಮನೆಯಲ್ಲಿ. ಅಲಸಂದೆಯ ಒಣಗಿದ ಕಾಯಿಯಿಂದ ಒಂದು ಮುಷ್ಟಿ ಬೀಜ ಮಾತ್ರ ಬಿತ್ತಿದವರಿಗೆ. ವಾರಕ್ಕೊಮ್ಮೆ ಫೋನಿನಲ್ಲಿ ಅಜ್ಜಿಯ ಕೈಯಿಂದ ಪಾತಿಯ ಚಿತ್ರ ಹೋದರೆ ಆ ಕಡೆಯಿಂದ ಪ್ರಶ್ನೆಗಳು ತಾವಾಗಿ ಬರುತ್ತವೆ. ಲೈನಿನ ಹುಡುಗಿಯೂ ಬೆಂಗಳೂರಿನ ಹುಡುಗನೂ ಒಂದೇ ಗಿಡದ ಬಗ್ಗೆ ಮಾತಾಡಿಕೊಳ್ಳಲು ಬೇರೆ ಯಾವ ನೆಪ ನಮ್ಮೂರಿನಲ್ಲಿದೆ?

ಅಷ್ಟರಲ್ಲಿ ಡೇರೆ ಹೂವಿನ ಕಾಲವೂ ಮುಗಿಯುತ್ತ ಬಂದಿರುತ್ತದೆ. ಮೆಕ್ಸಿಕೊದಿಂದ ಹೊರಟು ಸ್ಪೇನಿನ ಮ್ಯಾಡ್ರಿಡ್ ದಾಟಿ ಲೋಕವೆಲ್ಲ ಹರಡಿದ ಈ ಹೂವನ್ನು ಮಲೆನಾಡಿನ ಹೆಂಗಸರು ಗೆಡ್ಡೆಯಿಂದ ಗೆಡ್ಡೆಗೆ, ಮನೆಯಿಂದ ಮನೆಗೆ ಹಂಚಿಕೊಂಡು ತಮ್ಮದಾಗಿಸಿಕೊಂಡಿದ್ದಾರೆ. ಗಿಡ ಒಣಗಿದ ಮೇಲೆ ಗೆಡ್ಡೆಗಳನ್ನು ಅಗೆದು, ಮಣ್ಣು ಕೊಡವಿ, ಮರಳಿನಲ್ಲಿ ಹೂತು ತಂಪಾದ ಮೂಲೆಯಲ್ಲಿ ಇಡುತ್ತಾರೆ. ಈ ಸಲ ಅಗೆಯುವಾಗ ಪ್ರತಿ ಪಾತಿಯ ಮಗುವಿನ ಹೆಸರು ಬರೆದ ಒಂದೊಂದು ಹಾಳೆಯ ತುಂಡನ್ನು ಒಂದೊಂದು ಗೆಡ್ಡೆಗೆ ಕಟ್ಟಿ ಇಡಿ. ಮೇ ಕೊನೆಯಲ್ಲಿ, ರಜೆ ಮುಗಿಸಿ ಹೊರಡುವ ಮುಂಚೆ, ಮೊದಲ ಮಳೆ ಬಿದ್ದ ಅಂಗಳದಂಚಿನಲ್ಲಿ ಆ ಮಕ್ಕಳೇ ಅದನ್ನು ನೆಡಬೇಕು. ಕೆಂಪು, ಹಳದಿ, ನೇರಳೆ, ಬಿಳಿ ಯಾವುದು ಯಾರ ಪಾಲಿಗೆ ಬಂತೆಂದು ದಸರಾ ರಜೆಗೆ ಬಂದಾಗ ತಿಳಿಯುತ್ತದೆ.